ಡಾಕ್ಟ್ರಮ್ಮ ಹೇಳದ ಮಾತು

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ನಾಲ್ಕು ಲಡಿ ರೇಷ್ಮೆ ಬಿಡಿಸಿ ಲಾಳಿಯ ಕಂಡಿಕೆಗೆ ಸುತ್ತಿದೆ. ಒಣಗಿದ ಬಟ್ಟೆ ಮಡಚಿದೆ, ಉಪ್ಪಿನಕಾಯಿ ಭರಣಿಯ ಬಾಯಿಗೆ ಬೇರೆ ಬಟ್ಟೆ ಕಟ್ಟಿದೆ. ಸಂಜೆ, ಹನ್ನೆರಡು ವರ್ಷದ ಹಿಂದೆ ಮಗಳಿಗೆ ಹೇಳಿದ ಒಂದು ಸುಳ್ಳನ್ನು ಅವಳ ಮುಂದೆ ಒಪ್ಪಿಕೊಂಡೆ. ಎಲ್ಲಕ್ಕಿಂತ ಕಡಿಮೆ ಹೊತ್ತು ಹಿಡಿದದ್ದು ಆ ಕೊನೆಯ ಕೆಲಸ.

ದೊಡ್ಡ ಸುಳ್ಳೇನಲ್ಲ — ಹಾಗೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಡಾಕ್ಟರು ಹೇಳದ ಮಾತನ್ನು ಡಾಕ್ಟರು ಹೇಳಿದರು ಎಂದೆ. ಅಷ್ಟೇ. ಆ ಅಷ್ಟರಲ್ಲೇ ಒಂದು ಹುಡುಗಿಯ ಓದು ಹೋಯಿತು.

ಗದ್ವಾಲದಲ್ಲಿ ನಮ್ಮದು ನೇಯ್ಗೆಯ ಮನೆ. ಗಿರಿಜಾ ಒಬ್ಬಳೇ ಮಗಳು. ಹನ್ನೊಂದನೆಯ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂತು — ವಯಸ್ಸಾದವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಗುಳಿಗೆಗೆ ಬಗ್ಗುವುದಿಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ, ಜೀವ ಇರುವ ತನಕ. ಆಗ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿ ಬೇಸಿಗೆಯಲ್ಲೂ ತಂಪು. ಅದರ ಮೂಲೆಯಲ್ಲಿ ಒದ್ದೆ ಮರಳಿನ ಮಡಕೆ ಇಟ್ಟು, ಔಷಧದ ಸೀಸೆಯನ್ನು ಅದರೊಳಗೆ ಕಾಪಾಡಿದೆವು. ನೇಯುವಾಗ ಮಡಕೆಗೆ ಕಾಲು ತಾಗದಂತೆ ಕೂರುವುದನ್ನು ಅವರಪ್ಪ ರೂಢಿ ಮಾಡಿಕೊಂಡರು.

ಸೂಜಿ ಹಾಕುವಾಗ ನಾನೇ ಕಣ್ಣು ಮುಚ್ಚುತ್ತಿದ್ದೆ. ತಿಂಗಳು ತುಂಬುವುದರೊಳಗೆ ಅವಳೇ ಕಸಿದುಕೊಂಡಳು. “ಕೊಡವ್ವಾ ಇತ್ಲಾಗ. ನೀ ಚುಚ್ಚೂದು ನೋಡಿದ್ರ ಜಡ್ಡು ನಿನಗ ಐತೋ ನನಗ ಐತೋ ತಿಳಿಯಂಗಿಲ್ಲ.”

ಹದಿನೈದು ತುಂಬಿದ ವರ್ಷ ಮಕ್ತಲ್‌ನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿ ತಡವಾಗಿ, ನನ್ನ ನಾದಿನಿ ಬೆವೆತು ಏನೇನೋ ಬಡಬಡಿಸತೊಡಗಿದಳು. ಗಾಳಿ ಸೋಕಿದೆ ಎಂದು ಹೆಂಗಸರು ನಿಂಬೆಹಣ್ಣು ಇಳಿಸುತ್ತಿದ್ದರು. ಗಿರಿಜಾ ಎಲ್ಲರನ್ನೂ ಸರಿಸಿ, “ಅತ್ತೀ, ಮುಂಜಾನೆ ಸಕ್ರಿ ಜಡ್ಡಿನ ಗುಳಿಗಿ ನುಂಗಿ ಏನೂ ತಿಂದಿಲ್ಲ ಹೌದಿಲ್ಲೋ?” ಎಂದು ಕೇಳಿ, ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ನಾದಿನಿ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ತಿರುಗಿ ಬರುವಾಗ ಬಸ್ಸಿನಲ್ಲಿ ಗಿರಿಜಾ ಅಂದಳು — “ಅವ್ವಾ, ನಾ ಡಾಕ್ಟ್ರಕಿ ಓದ್ತೀನಿ.”

ಹತ್ತನೆಯ ತರಗತಿ ಚೆನ್ನಾಗಿ ಪಾಸಾಯಿತು. ನಾರಾಯಣಪೇಟೆಯ ಹಾಸ್ಟೆಲಿನಲ್ಲಿದ್ದು ಡಾಕ್ಟರಾಗಲು ಬೇಕಾದ ಬೈಪಿಸಿ ಓದಬೇಕೆಂದು ಫಾರಂ ತಂದಿಟ್ಟಳು. ನಾನು, “ಡಾಕ್ಟ್ರಮ್ಮನ್ನ ಕೇಳೂಣು” ಎಂದೆ. ಮೂರು ತಿಂಗಳಿಗೊಮ್ಮೆ ತೋರಿಸಲು ರಾಯಚೂರಿಗೆ ಹೋಗುತ್ತಿದ್ದೆವು. ಆ ಸಲ ಅವಳು ಪರೀಕ್ಷೆಗೆ ರಕ್ತ ಕೊಡಲು ಹೊರಗೆ ಹೋದಾಗ ಕೇಳಿದೆ. ಡಾಕ್ಟ್ರಮ್ಮ ಬರೆಯುವುದನ್ನು ನಿಲ್ಲಿಸಿ ನಕ್ಕರು. “ಓದ್ಲಿ ಬಿಡ್ರಿ. ನಾವು ಜಡ್ಡು ಅಂದ್ರ ಏನಂತ ಪುಸ್ತಕದಾಗ ಓದೀವಿ. ಈಕಿ ಮೈಮ್ಯಾಲೆ ಓದ್ಯಾಳ. ಹೊತ್ತಿಗೆ ಉಣ್ಲಿ, ಸೂಜಿ ಬಿಡಬಾರ್ದು — ಮತ್ತೇನಿಲ್ಲ.”

ಹೊರಗೆ ಬೆಂಚಿನ ಮೇಲೆ, ಮೊಣಕೈಗೆ ಹತ್ತಿ ಒತ್ತಿ ಹಿಡಿದು, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಬ್ಯಾಡಂತ,” ಎಂದೆ. “ರಾತ್ರಿ ಡ್ಯೂಟಿ, ನಿಂತ ಮಾಡೂ ಕೆಲಸ. ಈ ಜಡ್ಡು ಇದ್ದವ್ರಿಗೆ ಆಗಂಗಿಲ್ಲಂತ. ಡಾಕ್ಟ್ರಮ್ಮನ ಅಂದ್ರು.”

ಅವಳು ಅಳಲಿಲ್ಲ. “ಅವ್ರ ಅಂದ್ರ ಮುಗೀತು ಬಿಡು,” ಅಂದಳು. ನನ್ನ ಮಾತಾಗಿದ್ದರೆ ಜಗಳವಾಡುತ್ತಿದ್ದಳು, ಎರಡು ದಿನ ಮುಖ ಊದಿಸಿ ಗೆದ್ದುಬಿಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅದಕ್ಕೇ ಅವಳು ಎದುರಾಡದವರ ಹೆಸರು ಹಿಡಿದೆ.

ಭಯವಿತ್ತು — ಸುಳ್ಳಲ್ಲ. ಹಾಸ್ಟೆಲಿನಲ್ಲಿ ಸಕ್ಕರೆ ಇಳಿದು ಬಿದ್ದರೆ ಎಬ್ಬಿಸುವವರು ಯಾರು ಎಂಬ ಭಯ. ಆದರೆ ಭಯದ ಕೆಳಗೆ ಇನ್ನೊಂದಿತ್ತು. ನಮ್ಮ ಸೀರೆಯ ಮೈ ಹತ್ತಿ, ಅಂಚು ರೇಷ್ಮೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕಾದರೆ ಮಗ್ಗದ ಮೇಲೆ ಇಬ್ಬರು ಕೂರಲೇಬೇಕು. ನನ್ನ ಸೊಂಟ ಬಿದ್ದು ಎರಡು ವರ್ಷವಾಗಿತ್ತು. ನನ್ನ ಜಾಗದಲ್ಲಿ, ಅವರಪ್ಪನ ಪಕ್ಕದಲ್ಲಿ, ಗಿರಿಜಾ ಕೂರುತ್ತಿದ್ದಳು. ಅವಳು ಹೋದರೆ ಆ ಜಾಗ ಖಾಲಿ, ಮಗ್ಗ ನಿಂತಂತೆ — ಇದನ್ನು ಇಷ್ಟು ವರ್ಷ ದೇವರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಇವತ್ತು ಮಧ್ಯಾಹ್ನ ನಮ್ಮ ಓಣಿಯ ಅನಸೂಯಮ್ಮ ತನ್ನ ಹತ್ತು ವರ್ಷದ ಮಗಳು ಸಿರಿಯನ್ನು ಕರೆತಂದಳು. ಆ ಮಗುವಿಗೂ ಇದೇ ಕಾಯಿಲೆ, ಹೊಸದಾಗಿ. ಗಿರಿಜಾ ಮಗ್ಗದಿಂದ ಎದ್ದು ಬಂದು, ತನ್ನ ಹೊಟ್ಟೆಯ ಮೇಲೆ ಚರ್ಮ ಚಿವುಟಿ ಹಿಡಿದು, ಸೂಜಿ ಹೇಗೆ ಹಾಕಿಕೊಳ್ಳಬೇಕೆಂದು ತೋರಿಸಿದಳು. ಮಗು ಕಣ್ಣು ಬಿಗಿಮುಚ್ಚಿ ತಾನೂ ಚುಚ್ಚಿಕೊಂಡಿತು. ಆಮೇಲೆ ಒಂದು ಕಣ್ಣು ತೆರೆದು, “ಅಕ್ಕಾ, ನಾ ದೊಡ್ಡಾಕಿ ಆಗಿ ಡಾಕ್ಟ್ರು ಆಗ್ತೀನಿ. ನಿನಗ ಪುಕ್ಕಟ ನೋಡ್ತೀನಿ,” ಎಂದಿತು.

ಗಿರಿಜಾ ನಕ್ಕಳು. ನಗುತ್ತಲೇ ಅನಸೂಯಮ್ಮನ ಕಡೆ ತಿರುಗಿ, “ಆ ಆಸೆ ಬೆಳಸಬ್ಯಾಡ್ರಿ ಅಕ್ಕಾ. ಈ ಜಡ್ಡು ಇದ್ದವ್ರಿಗೆ ಅದು ಆಗಂಗಿಲ್ಲ. ನಮ್ಮ ಡಾಕ್ಟ್ರಮ್ಮನ ಅಂದಾರ,” ಅಂದಳು.

ಮಗು ಅಂಗಿ ಕೆಳಗೆಳೆದುಕೊಂಡಿತು.

ನನ್ನ ಕೈಯಲ್ಲಿ ರೇಷ್ಮೆಯ ಲಡಿ ಗಂಟಾಗಿತ್ತು. ತಾಯಿ ಮಗಳು ಓಣಿ ದಾಟಿ ಹೋಗುವುದನ್ನು ನೋಡುತ್ತ ಕೂತೆ. ನಾನು ಹೇಳಿದ್ದು ನನ್ನ ಮನೆಯಲ್ಲೇ ಸಾಯುತ್ತದೆ ಎಂದುಕೊಂಡಿದ್ದೆ.

ಹೊತ್ತು ಇಳಿದ ಮೇಲೆ ಹೇಳಿದೆ. “ಗಿರಿಜಾ, ಡಾಕ್ಟ್ರಮ್ಮ ಬ್ಯಾಡ ಅಂದಿಲ್ಲ. ಬ್ಯಾಡ ಅಂದಾಕಿ ನಾನು.”

ಮಗ್ಗದಲ್ಲಿ ಲಾಳಿ ನಿಂತಿತು. ಅವರಪ್ಪನಿಗೂ ಗೊತ್ತಿರಲಿಲ್ಲ. “ಇಷ್ಟ ವರ್ಷ...” ಎಂದರು.

ಗಿರಿಜಾ ಕೇಳಿದ್ದು ಒಂದೇ. “ಮತ್ತ ಅವ್ರು ಏನಂದಿದ್ರು? ಅವ್ರು ಅಂದಂಗ ಅನ್ನು.”

ಅಂದೆ. ಒಂದು ಅಕ್ಷರವೂ ಮರೆತಿರಲಿಲ್ಲ. ಅವರು ನಕ್ಕದ್ದನ್ನೂ ಹೇಳಿದೆ.

ಅವಳು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಎಲ್ಲಿಗೆ ಎಂದು ಕೇಳುವ ಮುಖ ನನಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದು, ನನ್ನನ್ನು ನೋಡದೆ, “ಸಿರಿಗೆ ಹೇಳಿ ಬಂದೆ. ಆಕಿಗೆ ಆಗ್ತದಂತ,” ಅಂದಳು. ಅವಳಿಗೆ ಮೊದಲು ನೆನಪಾದದ್ದು ಆ ಮಗು. ಅಂಥವಳನ್ನು ನಾನು —

ಕ್ಷಮಿಸು ಎಂದು ನಾನು ಅನ್ನಲಿಲ್ಲ. ಅದನ್ನು ಕೇಳಿದರೆ ಅವಳಿಗೆ ಇನ್ನೊಂದು ಕೆಲಸ ಹಚ್ಚಿದಂತೆ.

ಹೊತ್ತಿಗೆ ಸರಿಯಾಗಿ ಸೂಜಿ ಹಾಕಿಕೊಂಡಳು. ಸಿಟ್ಟು ಬಂದವರು ತಟ್ಟೆ ದೂಡುತ್ತಾರೆ, ಉಪವಾಸ ಮಲಗುತ್ತಾರೆ. ಅವಳಿಗೆ ಅದಕ್ಕೂ ಆಸ್ಪದವಿಲ್ಲ — ಇನ್ಸುಲಿನ್ ಮೈಗೆ ಸೇರಿದ ಮೇಲೆ ಉಣ್ಣಲೇಬೇಕು. ಬಡಿಸಲು ಹೋದೆ; ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಹಾಕಿಕೊಂಡಳು. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಲೋಟ ಮಜ್ಜಿಗೆ. ಔಷಧ ತೆಗೆದುಕೊಂಡಂತೆ, ಕೊನೆಯ ತುತ್ತಿನ ತನಕ ಉಂಡಳು. ಅವರಪ್ಪ ಅರ್ಧ ರೊಟ್ಟಿಗೆ ಕೈ ತೊಳೆದರು. ನಾನು ಉಳಿದ ಅರ್ಧ ತಿಂದೆ.

ಮೊದಲು ಮಲಗಿದವಳು ಗಿರಿಜಾ, ಗೋಡೆಯ ಕಡೆ ಮುಖ ಮಾಡಿ.