ಕಾರ್ ಮಾಡ್ಯಾನಂತ

ಅನುಮಾನ ನನ್ನ ಹುಟ್ಟುಗುಣ. ಯಾರಾದರೂ ಕಾರಣವಿಲ್ಲದೆ ನನ್ನ ಕಡೆ ನೋಡಿ ನಕ್ಕರೆ ಮೊದಲು ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಕೇಳದೆ ಚಹಾ ತಂದುಕೊಟ್ಟರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆಯೋ ಎಂದು ಯೋಚಿಸುತ್ತ ಅದನ್ನು ತಣ್ಣಗಾಗಿಸಿಬಿಡುತ್ತೇನೆ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ಈ ಗುಣಕ್ಕೆ ಸಂಬಳವೂ ಸಿಗತೊಡಗಿತು. ಹೀಗಿದ್ದ ನನ್ನನ್ನೇ ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಎಲ್ಲರೂ ಸೇರಿ ಅನುಮಾನಿಸಿದರಲ್ಲ, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಊರು ತಿಕೋಟಾ. ನೌಕರಿಗೆಂದು ವಿಜಾಪುರಕ್ಕೆ ಬಂದು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಖೋಲಿ ಹಿಡಿದಿದ್ದೆ. ಕೆಳಗೆ ಮನೆಯೊಡತಿ ಇರುತ್ತಿದ್ದಳು. ಓಣಿಗೆಲ್ಲ ಆಕೆ ಆಯಿ. ಯಾರು ಬಂದರು, ಯಾರು ಹೋದರು, ಯಾರ ಕೈಚೀಲ ಎಷ್ಟು ಉಬ್ಬಿತ್ತು, ಎಲ್ಲವೂ ಆಕೆಗೆ ಕಟ್ಟೆಯ ಮೇಲೆ ಕೂತಲ್ಲೇ ತಿಳಿಯುತ್ತಿತ್ತು.

ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ನನ್ನ ಶಾಲೆಯ ಗೆಳೆಯನೊಬ್ಬ ರಜೆಗೆ ಬಂದಾಗ ನನಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟ. ಮುಚ್ಚಳದ ಮೇಲೆ ಉದ್ದನೆಯ ಅಮೆರಿಕದ ಕಾರಿನ ಚಿತ್ರ. ಒಳಗೆ ಆ ಕಾರು ಬಿಡಿಬಿಡಿಯಾಗಿ ಮಲಗಿತ್ತು: ಬಾನೆಟ್ಟು, ಬಂಪರು, ಸೀಟು, ಅಂಗಿಯ ಗುಂಡಿಯಷ್ಟು ಸ್ಟೇರಿಂಗು. ಎಲ್ಲವೂ ಬಿಳಿ ಪ್ಲಾಸ್ಟಿಕ್ಕಿನವು, ತೆಳ್ಳನೆಯ ಕಡ್ಡಿಗಳಿಗೆ ಅವರೆಕಾಯಿಯ ಹಾಗೆ ಜೋತುಬಿದ್ದಿದ್ದವು. ಒಂದೊಂದನ್ನೇ ಬಿಡಿಸಿ ಅಂಟಿಸಿದರೆ ಗೇಣುದ್ದದ ಕಾರು ತಯಾರಾಗುತ್ತದೆ ಎಂದ.

"ಎಲ್ಲಿಂದ ಬಂತೋ ಇದು?"

"ಹಡಗಿನವ ಒಬ್ಬ ಕೊಟ್ಟ."

"ಸುಂಕ ಕಟ್ಟಿದ ಮಾಲೋ, ಕದ್ದು ತಂದಿದ್ದೋ?"

ಅವನು ನಕ್ಕು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದ. ನನ್ನ ಅನುಮಾನಕ್ಕೆ ಆ ನಗುವೇ ಸಾಕಾಯಿತು. ಪೆಟ್ಟಿಗೆ ಹಿಂದಿರುಗಿಸಬೇಕಿತ್ತು. ಆದರೆ ಅಷ್ಟರಲ್ಲಿ ನಾನು ಸ್ಟೇರಿಂಗನ್ನು ಕೈಯಲ್ಲಿ ಹಿಡಿದು ನೋಡಿಬಿಟ್ಟಿದ್ದೆ.

ಆ ಕಾರನ್ನು ಚಿತ್ರದಲ್ಲಿದ್ದ ಹಾಗೆಯೇ ಕಟ್ಟಲು ನನಗೆ ಮನಸ್ಸಾಗಲಿಲ್ಲ. ಅದರ ಸ್ಟೇರಿಂಗು ಎಡಕ್ಕಿತ್ತು, ನಮ್ಮ ರಸ್ತೆಗೆ ಬಲಕ್ಕೆ ಬೇಕು. ಹಿಂದುಗಡೆ ಹಕ್ಕಿಯ ರೆಕ್ಕೆಯಂತೆ ಎದ್ದುನಿಂತ ಎರಡು ಅಂಚುಗಳಿದ್ದವು. ನಮ್ಮ ಓಣಿಯಲ್ಲಿ ಅಂಥ ಕಾರು ತಿರುಗಿದರೆ ಎಮ್ಮೆಗಳು ಬೆದರುತ್ತವೆ. ದಾಡಿಯ ಬ್ಲೇಡು ಬಿಸಿ ಮಾಡಿ ರೆಕ್ಕೆ ಕತ್ತರಿಸಿದೆ. ಪೆಟ್ಟಿಗೆಯೊಳಗಿನ ಅಂಟು ಒಣಗಿ ಕಲ್ಲಾಗಿತ್ತು. ಬೋರ್ಡು ಬರೆಯುವ ಪೇಂಟರನಿಂದ ಥಿನ್ನರ್ ತಂದು, ಉಳಿದ ಕಡ್ಡಿಗಳನ್ನು ಚೂರು ಮಾಡಿ ಅದರಲ್ಲಿ ಕರಗಿಸಿದೆ. ತೆಳ್ಳಗಿದ್ದರೆ ಅದೇ ಅಂಟು, ದಪ್ಪಗಿದ್ದರೆ ಸಂದು ತುಂಬುವ ಲಪ್ಪ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಬಂಪರಿಗಾಯಿತು. ಮೇಲೆ ಸಾಮಾನು ಕಟ್ಟಲು ತಂತಿಯ ಕ್ಯಾರಿಯರ್ ಮಾಡಿ, ಅದರ ಮೇಲೆ ಹಳೆಯ ಧೋತರದ ಚೂರಿನಿಂದ ಸುತ್ತಿದ ಹಾಸಿಗೆಯ ಸುರುಳಿ ಇಟ್ಟೆ. ಅಮೆರಿಕದ ಕಾರು ನಿಧಾನಕ್ಕೆ ವಿಜಾಪುರದ ಕಾರಾಯಿತು.

ಬಣ್ಣದ್ದೇ ತೊಂದರೆ. ಅಷ್ಟು ಸಣ್ಣ ಕಾರಿಗೆ ಹೊಳೆಯುವ ಬಣ್ಣ ಬಳೆ ಅಂಗಡಿಯಲ್ಲಿ ಮಾತ್ರ ಸಿಗುತ್ತಿತ್ತು, ಉಗುರಿಗೆ ಹಚ್ಚುವ ಬಣ್ಣ. ಅದನ್ನು ನೇರವಾಗಿ ಹಚ್ಚಿದಾಗ ಬಾನೆಟ್ಟು ಸುಕ್ಕುಗಟ್ಟಿತು. ಆಮೇಲೆ ಬಡಿಗೇರರ ಅರಗಿನ ಪಾಲಿಶು ತಂದು, ಸ್ಪಿರಿಟ್ಟಿನಲ್ಲಿ ತೆಳುಮಾಡಿ, ಅದನ್ನು ಮೊದಲು ಹಚ್ಚಿ ಒಣಗಿಸಿದ ಮೇಲೆ ಉಗುರಿನ ಬಣ್ಣ ನಿಂತಿತು. ಕೆಂಪು ಸಾಲದೆ ಮತ್ತೊಂದು ಸೀಸೆ, ಅದು ಬೇರೆ ಕೆಂಪಾಗಿ ಇನ್ನೊಂದು ಸೀಸೆ. ಮದುವೆಯಾಗದ ಗಂಡಸು ಪದೇ ಪದೇ ಬಂದು ಉಗುರಿನ ಬಣ್ಣ ಒಯ್ಯುವುದನ್ನು ಬಳೆಗಾರ ಹೇಗೆ ನೋಡುತ್ತಿದ್ದ ಎಂಬುದು ನನಗೆ ಕಾಣುತ್ತಿತ್ತು. ನೋಡಲಿ ಎಂದುಕೊಂಡೆ.

ಒಂದು ದಿನ ಕಚೇರಿಯಿಂದ ಬಂದಾಗ ನನ್ನ ಸ್ಪಿರಿಟ್ ಸೀಸೆ ಸರಿದಿತ್ತು, ಬಿರಡೆ ಓರೆಯಾಗಿತ್ತು. ಆಯಿಯದೇ ಕೆಲಸ. ಆಗ ನಮ್ಮ ಕಡೆ ದಾರೂಬಂದಿ, ಕುಡಿಯುವುದೂ ಮಾರುವುದೂ ಅಪರಾಧ. ಮಾಳಿಗೆಯ ಮೇಲಿನಿಂದ ಘಮ್ಮೆಂದು ಸ್ಪಿರಿಟ್ ವಾಸನೆ ಇಳಿದು ಬಂದರೆ ಆಕೆ ಹತ್ತಿ ನೋಡದಿರುತ್ತಾಳೆಯೇ? ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನ ಬಾಗಿಲಿಗೆ ದೊಡ್ಡದೊಂದು ಹೊಸ ಕೀಲಿ ಜಡಿದೆ. ಅಂದಿನಿಂದ ಆಯಿ ನನ್ನೊಡನೆ ಮಾತು ಕಡಿಮೆ ಮಾಡಿದಳು.

ಇದೇ ಹೊತ್ತಿಗೆ ನಾನೂ ನನ್ನ ಅವ್ವನೂ ಬಬಲೇಶ್ವರದಲ್ಲಿ ಕನ್ಯೆ ನೋಡಲು ಹೋದೆವು. ಹುಡುಗಿ ಬಂದು ಕೂತಳು. ಬೇರೆ ಹುಡುಗಿಯರಂತೆ ಜಮಖಾನದ ಎಳೆ ಎಣಿಸುತ್ತ ಕೂಡಲಿಲ್ಲ. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದಳು, ಅಂಗಡಿಯವನು ತಕ್ಕಡಿಯ ಮೇಲೆ ಬೆರಳಿಟ್ಟಿದ್ದಾನೋ ಎಂದು ನೋಡುವ ಹಾಗೆ. ಜಗತ್ತಿನಲ್ಲಿ ನನ್ನಂತೆಯೇ ನೋಡುವವರು ಇನ್ನೊಬ್ಬರಿದ್ದಾರಲ್ಲ ಎನಿಸಿ ನನಗೆ ಬಹಳ ಸಂತೋಷವಾಯಿತು. ಆಗಬೇಕಾದರೆ ಇವಳನ್ನೇ ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ.

ಮಾತಿನ ನಡುವೆ ಅವ್ವ ಹೆಮ್ಮೆಯಿಂದ ಹೇಳಿದಳು: "ನಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ. ವಿಜಾಪುರದಾಗ ಕಾರ್ ಮಾಡ್ಯಾನ."

ಅವ್ವ ನನ್ನ ಖೋಲಿಗೆ ಬಂದಾಗ ಆ ಕಾರು ನೋಡಿದ್ದಳು. ಮಾಡ್ಯಾನ ಎಂದರೆ ಕೈಯಾರೆ ಮಾಡಿದ್ದಾನೆ ಎಂದೇ ಅವಳ ಅರ್ಥ. ಆದರೆ ನಮ್ಮ ಕಡೆ ಹೊಲ ಮಾಡ್ಯಾನ, ಮನಿ ಮಾಡ್ಯಾನ ಎಂದರೆ ಗಳಿಸಿದ್ದಾನೆ, ಕೊಂಡಿದ್ದಾನೆ ಎಂದು ಅರ್ಥ. ಹುಡುಗಿಯ ತಂದೆಯ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ಮೆಚ್ಚುಗೆ ಎಂದುಕೊಂಡೆ. ನನ್ನಂಥ ಅನುಮಾನದ ಪ್ರಾಣಿ ಅದೊಂದು ಕ್ಷಣ ಮಾತ್ರ ಮೈಮರೆಯಿತು.

ಹೊರಡುವಾಗ ಅವರು ಅವ್ವನಿಗೆ ಕುಂಕುಮ ಹಚ್ಚಿ, ಕುಪ್ಪಸಕ್ಕೆಂದು ಒಂದು ಖಣ ಕೊಟ್ಟರು. ಹಸಿರು ಮೈ, ಕೆಂಪು ಅಂಚು. ಊರಿಗೆ ಬಂದ ಮೇಲೆ ಅವ್ವ ಅದನ್ನು ಹೊಲಿಯಲು ಕೊಡುವ ಮುಂಚೆ ನಾನು ಒಂದು ಮೂಲೆ ಕತ್ತರಿಸಿಕೊಂಡೆ. "ಲೇ, ಕೊಟ್ಟ ಖಣಕ್ಕ ಹಿಂಗ ಕತ್ತರಿ ಹಾಕಬಾರದೋ!" ಎಂದು ಅವ್ವ ಬೈದಳು. ಆ ಚೂರು ನನ್ನ ಕಾರಿನ ಹಿಂದಿನ ಕಿಟಕಿಗೆ ಪರದೆಯಾಯಿತು. ಹೆಣ್ಣುಮಕ್ಕಳು ಕೂಡುವ ಕಾರಿಗೆ ಪರದೆ ಬೇಡವೇ? ಯಾರು ಕೂಡುತ್ತಾರೆ ಎಂಬುದು ನನ್ನ ಮನಸ್ಸಿನಲ್ಲಿತ್ತು.

ಬಬಲೇಶ್ವರದಿಂದ ಉತ್ತರ ಬರಲಿಲ್ಲ. ಕಾಯುತ್ತಿದ್ದಾಗಲೇ ಒಂದು ರವಿವಾರ ಮಧ್ಯಾಹ್ನ ರುಮಾಲು ಸುತ್ತಿದ ಗಟ್ಟಿ ಆಳೊಬ್ಬ ಮಾಳಿಗೆ ಹತ್ತಿ ಬಂದ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಬಾಗಿಲಲ್ಲೇ ನಿಂತು ಮೂಗು ಅರಳಿಸಿ ಒಳಗಿನ ಗಾಳಿ ಎಳೆದುಕೊಂಡ.

"ಕಾರ್ ಎಲ್ಲೈತ್ರಿ?" ಎಂದ.

ನನಗೆ ಗೆಳೆಯನ ಆ ನಗು ನೆನಪಾಯಿತು. ಸುಂಕದವರು! ಸಾದಾ ಬಟ್ಟೆಯಲ್ಲಿ ಬಂದಿದ್ದಾರೆ. ಸರಕಾರಿ ನೌಕರನ ಖೋಲಿಯಲ್ಲಿ ಹಡಗಿನಿಂದ ಕದ್ದಿಳಿಸಿದ ಮಾಲು ಸಿಕ್ಕರೆ ನೌಕರಿ ಉಳಿಯುತ್ತದೆಯೇ?

"ಯಾವ ಕಾರ್ರಿ?" ಎಂದೆ, ಬಾಗಿಲನ್ನು ಅರ್ಧ ಮುಚ್ಚುತ್ತ.

"ನೀವು ಮಾಡೀರಲ್ಲ, ಆ ಕಾರ್."

"ನನ್ನ ಹಂತ್ಯಾಕ ಯಾವ ಕಾರೂ ಇಲ್ಲ. ಯಾರ ಹೇಳ್ಯಾರ ನಿಮಗ?"

"ಇಲ್ಲ ಅಂತೀರಿ?"

"ಇಲ್ಲ."

ಅವನು ನನ್ನ ಉಗುರುಗಳನ್ನು ನೋಡಿದ. ಎರಡರ ಅಂಚಿಗೆ ಕೆಂಪು ಬಣ್ಣ ಮೆತ್ತಿತ್ತು. ನಾನು ಕೈ ಹಿಂದಕ್ಕೆ ಇಟ್ಟುಕೊಂಡೆ. "ಆತು ಬಿಡ್ರಿ," ಎಂದು ಇಳಿದುಹೋದ. ಕೆಳಗೆ ಕಟ್ಟೆಯ ಮೇಲೆ ಆಯಿಯ ಜೊತೆ ಅವನು ಬಹಳ ಹೊತ್ತು ಪಿಸುಮಾತಾಡಿದ್ದು ಕೇಳಿಸಿತು. ಓಹೋ, ತಿಳಿಸಿದವಳು ಇವಳೇ ಎಂದು ಹಲ್ಲು ಕಡಿದೆ.

ಮುಂದಿನ ವಾರ ಅವ್ವ ತಿಕೋಟಾದಿಂದ ಬಸ್ಸಿಳಿದು ನೇರವಾಗಿ ಬಂದಳು. ಕೈಚೀಲವನ್ನೂ ಕೆಳಗಿಡಲಿಲ್ಲ.

"ಬಬಲೇಶ್ವರದವರು ಬ್ಯಾಡ ಅಂದಾರ. ಕಾರ್ ಇಲ್ಲ ಅಂತ ಯಾಕ ಹೇಳಿದ್ಯೋ ಯಪ್ಪಾ? ತಾಯಿ ಒಂದು ಹೇಳ್ತಾಳ, ಮಗ ಒಂದು ಹೇಳ್ತಾನ ಅಂತ ಮಾರಿ ಮ್ಯಾಲ ಅಂದ್ರು!"

ಆಗ ಗೊತ್ತಾಯಿತು, ಬಂದವನು ಸುಂಕದವನಲ್ಲ, ಹುಡುಗಿಯ ಸೋದರಮಾವ. ಜೈನಾಪುರದವನು, ಕನ್ಯೆ ನೋಡಿದ ದಿನ ಇರಲಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ಗುಟ್ಟಾಗಿ ತಪಾಸು ಮಾಡುವುದು ರೂಢಿ, ಆ ಕೆಲಸ ಅವನ ಪಾಲಿಗೆ ಬಂದಿತ್ತು. ಗುಮಾಸ್ತ ಕಾರು ಕೊಂಡಿದ್ದಾನೆಂದರೆ ಲಂಚ ತಿನ್ನುತ್ತಾನೆ ಎಂಬ ಅನುಮಾನ ಹೊತ್ತುಕೊಂಡೇ ಬಂದಿದ್ದ. ಓಣಿಯಲ್ಲಿ ಎಲ್ಲಿಯೂ ಕಾರು ಕಾಣಲಿಲ್ಲ. ಬಳೆಗಾರ ಉಗುರಿನ ಬಣ್ಣದ ಕತೆ ಹೇಳಿದ. ಆಯಿ ಸ್ಪಿರಿಟ್ಟಿನ ವಾಸನೆ ಮತ್ತು ಹೊಸ ಕೀಲಿಯ ಕತೆ ಹೇಳಿದಳು. ಸಾಲದ್ದಕ್ಕೆ ನಾನೇ ಬಾಗಿಲಲ್ಲಿ ನಿಂತು ಸುಳ್ಳು ಹೇಳಿದೆ. ಲಂಚ, ಹೆಂಗಸು, ದಾರು, ಸುಳ್ಳು. ಇನ್ನೇನು ಉಳಿಯಿತು? ಅವನ ಜಾಗದಲ್ಲಿ ನಾನಿದ್ದರೆ ಬ್ಯಾಡ ಎನ್ನುವುದಲ್ಲ, ಪೊಲೀಸರಿಗೇ ಹೇಳಿ ಬರುತ್ತಿದ್ದೆ.

ಆದರೆ ಆ ಹುಡುಗಿಯೂ ನನ್ನನ್ನು ಹಾಗೆಯೇ ತಿಳಿದುಕೊಂಡಿದ್ದಾಳೆ ಎಂಬುದನ್ನು ಸಹಿಸಲಾಗಲಿಲ್ಲ. ಮೆಟ್ಟಿನ ಅಂಗಡಿಯಿಂದ ಖಾಲಿ ಡಬ್ಬಿ ತಂದೆ, ಅರಳೆ ಹಾಸಿದೆ, ಕಾರನ್ನು ಮಲಗಿಸಿದೆ. ಅವ್ವನನ್ನು ಕರೆದುಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತವನು ಒಳಗೇನಿದೆ ಎಂದು ಕೇಳಿದ. ಮುಚ್ಚಳದ ಮೇಲೆ ಕೈ ಒತ್ತಿ ಹಿಡಿದೆ.

ಪಡಸಾಲೆಯಲ್ಲಿ ಹುಡುಗಿಯ ತಂದೆ ಮತ್ತು ಸೋದರಮಾವ ಕೂತಿದ್ದರು. ಬನ್ನಿ ಎಂದರು, ಆದರೆ ದನಿಯಲ್ಲಿ ಬಿಸಿ ಇರಲಿಲ್ಲ. ನಾನು ಡಬ್ಬಿ ತೆರೆದು ಕಾರನ್ನು ಜಮಖಾನದ ಮೇಲಿಟ್ಟೆ.

"ಇದ್ರಿ ನಾ ಮಾಡಿದ ಕಾರ್."

ಸೋದರಮಾವ ಕಾರನ್ನೆತ್ತಿ ಮೂಗಿಗೆ ಹಿಡಿದ. "ಇದ ವಾಸನಿ!" ಎಂದ. ಬಾನೆಟ್ಟಿನ ಮೇಲೆ ಬೆರಳಾಡಿಸಿದ. "ಇದ ಬಣ್ಣ!" ಅವನ ಮುಖದ ಮೇಲಿನ ಒಂದೊಂದೇ ಗಂಟು ಬಿಚ್ಚತೊಡಗಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಹುಡುಗಿಯ ತಂದೆ ನಿಟ್ಟುಸಿರು ಬಿಟ್ಟರು.

"ಅಂದ್ರ ಖರೇನ ಕಾರ್ ಇಲ್ಲ. ಮದುವಿ ವಯಸ್ಸಿನ ಗಂಡಸು ಆಟಗಿ ಸಾಮಾನು ಮಾಡ್ಕೋತ ಕೂಡ್ತಾನಂದ್ರ ಏನ್ ಹೇಳೂದ್ರಿ? ಇದಕ್ಕಿಂತ ಲಂಚ ತಿಂದಿದ್ರೂ ಒಂದು ಮಾತಿತ್ತು."

ನನಗೆ ಮೈಯೆಲ್ಲ ಉರಿಯಿತು. ಲಂಚಕೋರನಾದರೆ ಬೇಡ, ಲಂಚಕೋರನಲ್ಲದಿದ್ದರೂ ಬೇಡ! ಎದ್ದುಬಿಡಬೇಕೆಂದು ಕಾರಿಗೆ ಕೈಚಾಚಿದೆ. ಆಗ ಒಳಗಿನ ಬಾಗಿಲಿನಿಂದ ಹುಡುಗಿ ನೀರಿನ ತಂಬಿಗೆ ಹಿಡಿದು ಬಂದಳು. ತಂಬಿಗೆ ಇಟ್ಟವಳು ಒಳಗೆ ಹೋಗಲಿಲ್ಲ. ಬಾಗಿ, ಸೋದರಮಾವನ ಕೈಯಲ್ಲೇ ಇದ್ದ ಕಾರಿನ ಹಿಂದಿನ ಕಿಟಕಿಯೊಳಗೆ ಇಣುಕಿದಳು. ಅದೇ ನೋಟ.

"ಈ ಪರದೆ ಯಾರ ಖಣದ್ದು?" ಎಂದು ನನ್ನನ್ನೇ ಕೇಳಿದಳು.

ಸೋದರಮಾವನ ಕಿವಿ ನೆಟ್ಟಗಾಯಿತು. ಅವ್ವ ನನ್ನ ಕಡೆ ಕಣ್ಣು ಮಾಡಿದಳು. ಮರ್ಯಾದೆಯಿಂದ ಕೊಟ್ಟ ಖಣವನ್ನು ಕತ್ತರಿಸಿದೆ ಎಂದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ದರ್ಜಿಯ ಅಂಗಡಿಯಲ್ಲಿ ಬಿದ್ದಿದ್ದ ಚೂರು ಎಂದರೆ ಮುಗಿಯುತ್ತಿತ್ತು, ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಿಂದಿನ ಸಲ ಹೇಳಿದ ಸುಳ್ಳಿನ ಉರಿಯೇ ಇನ್ನೂ ಆರಿರಲಿಲ್ಲ.

"ನಿಮ್ಮ ಮನ್ಯಾಗ ನಮ್ಮ ಅವ್ವಗ ಕೊಟ್ಟದ್ದು," ಎಂದೆ. "ನಾನ ಕತ್ತರಿಸೇನಿ."

ತಂದೆಯ ಮುಖ ಕೆಂಪಾಯಿತು. ಹುಡುಗಿ ಮಾತ್ರ ನೆಟ್ಟಗೆ ನಿಂತಳು.

"ನನಗ ಗೊತ್ತಿತ್ತು. ಆ ಖಣ ಅಂಗಡ್ಯಾಗ ನಾನ ಆರಿಸಿದ್ದು. ಇವ್ರು ಏನ್ ಹೇಳ್ತಾರ ನೋಡೂಣು ಅಂತ ಕೇಳಿದೆ," ಎಂದಳು. ಆಮೇಲೆ ಸೋದರಮಾವನ ಕಡೆ ತಿರುಗಿದಳು. "ಮಾಮಾ, ಅವರ ಅವ್ವಾರು ಕಾರ್ ಮಾಡ್ಯಾನ ಅಂದ್ರು. ಇವ್ರು ಮಾಡ್ಯಾರ. ಇದರಾಗ ಸುಳ್ಳ ಎಲ್ಲೈತಿ?"

ಸೋದರಮಾವ ಕಾರನ್ನು ಮೆಲ್ಲಗೆ ಜಮಖಾನದ ಮೇಲಿಟ್ಟ. ಹುಡುಗಿ ಒಳಗೆ ಹೊರಟವಳು ಹೊಸ್ತಿಲ ಹತ್ತಿರ ನಿಂತಳು. ತಿರುಗಿ ನೋಡದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅವ್ವಾರ ಖಣ ಕತ್ತರಿಸಿದ್ದು ಕತ್ತರಿಸ್ಯಾರ. ಮುಂದ ನನ್ನ ಖಣಕ್ಕ ಕತ್ತರಿ ಹಾಕಿದ್ರ ಮಾತ್ರ ನಾ ಸುಮ್ಮನಿರೂದಿಲ್ಲ."