ಒಂದು ಅಳತೆ ದೊಡ್ಡ ಬಳೆ

ಮುಳಬಾಗಿಲಿನ ಶಾಮಲಮ್ಮ ಬಳೆ ತೊಡಿಸುವವರು. ಗಾಜಿನ ಬಳೆಗಳ ಗಂಟು ಹೊತ್ತು ಆವನಿ, ದೇವರಾಯಸಮುದ್ರದ ಕಡೆ ಮನೆಮನೆಗೆ ಹೋಗುತ್ತಿದ್ದರು. ಹೆಂಗಸರ ಕೈ ಒಮ್ಮೆ ಅಮುಕಿ ನೋಡಿದರೆ ಅಳತೆ ತಿಳಿಯುತ್ತಿತ್ತು. ಬಸುರಿಯ ಕೈಗೆ ಹಳೆಯ ಅಳತೆ ಹಿಡಿಯದಿದ್ದರೆ ಅದನ್ನು ಶುಭವೆಂದು ಹೇಳುವುದು ಆ ಕಸುಬಿನ ರೂಢಿ. ಮನೆಯವರು ಹಿಗ್ಗುತ್ತಿದ್ದರು.

1983ರಲ್ಲಿ ಅವರ ಮಗಳು ಭಾರತಿ ಎರಡನೇ ಸಲ ಬಸುರಿಯಾದಳು. ಶ್ರೀನಿವಾಸಪುರದ ಗಂಡನ ಮನೆಯಲ್ಲಿದ್ದಾಗ ಮೊದಲ ಮಗು ಹೊಟ್ಟೆಯಲ್ಲೇ ಸತ್ತಿತ್ತು. ಆಗ ರಕ್ತದೊತ್ತಡ ಏರಿತ್ತು. ಈ ಸಲವೂ ಏರಿದರೆ ಮಗುವಿಗಷ್ಟೇ ಅಲ್ಲ, ತಾಯಿಯ ಜೀವಕ್ಕೂ ಅಪಾಯ ಎಂದು ಕೋಲಾರದ ಡಾಕ್ಟರಮ್ಮ ಎಚ್ಚರಿಸಿ, ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದ್ದರು. ಭಾರತಿ ತಪ್ಪದೆ ಹೋಗುತ್ತಿದ್ದಳು.

ಏಳನೇ ತಿಂಗಳಲ್ಲಿ ತವರಿಗೆ ಕರೆತಂದು ಸೀಮಂತ ಮಾಡಿದರು. ಹಸಿರು ಬಳೆ ಬೆರಳ ಗೆಣ್ಣು ದಾಟಲಿಲ್ಲ. ಶಾಮಲಮ್ಮ ಸೋಪು ಹಚ್ಚಿ ನೋಡಿದರು. ಆಮೇಲೆ ಒಂದು ಅಳತೆ ದೊಡ್ಡ ಬಳೆ ತೆಗೆದು ತೊಡಿಸಿದರು.

"ಏನೇ ಶಾಮಲಾ, ಅಳಿಯನ ಮನೇಲಿ ಬೆಣ್ಣೆ ಹಾಕಿ ಸಾಕಿದಾರಾ?" ಎಂದರು ಪಕ್ಕದ ಮನೆಯ ಗುಂಡಮ್ಮ.

"ದೃಷ್ಟಿ ಹಾಕ್ಬೇಡ್ರಕ್ಕ. ಹೋದ್ಸಲ ಕಡ್ಡಿ ತರ ಇದ್ಳು. ಈಗ ನೋಡಿ, ಮೈಕೈ ತುಂಬ್ಕೊಂಡಿದೆ."

"ಅಮ್ಮಾ, ಗುರುವಾರ ಕೋಲಾರಕ್ಕೆ ಹೋಗ್ಬೇಕು," ಎಂದಳು ಭಾರತಿ.

"ಇಷ್ಟು ಚೆನ್ನಾಗಿದೀಯ. ಆ ಬಸ್ಸಲ್ಲಿ ಕುಲುಕಾಡ್ಕೊಂಡು ಯಾಕೆ ಹೋಗ್ತೀಯೇ? ಮುಂದಿನ್ಸಲ ಹೋಗೋಣ."

ಭಾರತಿ ಹೋಗಲಿಲ್ಲ.

ಮುಂದಿನ ವಾರ ತಲೆನೋವು ಶುರುವಾಯಿತು. ಕಣ್ಣ ಮುಂದೆ ಮಿಣುಕು. ಬಾಡಿಗೆ ಕಾರು ಕೋಲಾರ ಮುಟ್ಟುವ ಮೊದಲೇ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಹೋದರೆ ಬಳೆಗಳು ಊದಿದ ಮಣಿಕಟ್ಟಿಗೆ ಕಚ್ಚಿಕೊಂಡಿದ್ದವು. ಹೆರಿಗೆಯವರೆಗೆ ತೆಗೆಯಬಾರದ ಬಳೆ. ನರ್ಸ್ ಶಾಮಲಮ್ಮನ ಮುಖ ನೋಡಿದರು. ಶಾಮಲಮ್ಮ ಬಟ್ಟೆ ಸುತ್ತಿ, ಒಂದೊಂದಾಗಿ ತಾವೇ ಒಡೆದರು.

ಆಪರೇಷನ್ ಮಾಡಿ ಮಗುವನ್ನು ತೆಗೆದರು. ಗಂಡು. ಸಂಜೆಯವರೆಗೆ ಉಸಿರಾಡಿತು. ಭಾರತಿ ಉಳಿದಳು.

"ದೊಡ್ಡ ಬಳೆ ಹಾಕಿದ್ದಕ್ಕೆ ಹೀಗಾಯ್ತಾ?" ಎಂದು ಶಾಮಲಮ್ಮ ಡಾಕ್ಟರಮ್ಮನನ್ನು ಕೇಳಿದರು.

"ಬಳೆಯಿಂದ ಅಲ್ಲಮ್ಮ. ಆ ಊತಾನೇ ಕಾಯಿಲೆ ಗುರುತು. ನೀವು ಅದನ್ನ ಪುಷ್ಟಿ ಅಂದ್ಕೊಂಡ್ರಿ."

ಕಾಯಿಲೆ ಯಾಕೆ ಬರುತ್ತದೆ ಎಂದು ಅಳಿಯ ಅಶ್ವತ್ಥಪ್ಪ ಕೇಳಿದ. ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದರು ಡಾಕ್ಟರಮ್ಮ. ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು ರಕ್ತದಲ್ಲಿರುತ್ತವೆ. ಮಗುವನ್ನು ಪೋಷಿಸುವ ಮಾಸನ್ನು ಅವು ಹೊರಗಿನದೆಂದು ಬಗೆದು ಅದರ ಮೇಲೆ ತಿರುಗಿಬೀಳುತ್ತವೆಯೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಹುಡುಕಾಟ ಮುಗಿದಿಲ್ಲ.

"ಮತ್ತೆ ಬಸುರಿಯಾದ್ರೆ?" ಎಂದ ಅಶ್ವತ್ಥಪ್ಪ.

"ಬರಬಹುದು. ಬರದೇನೂ ಇರಬಹುದು."

ವಾರ್ಡಿನಲ್ಲಿ ಅಶ್ವತ್ಥಪ್ಪ ಹೆಂಡತಿಯ ಪಕ್ಕ ಕೂತ. "ಇನ್ನೊಂದ್ಸಲ ನೋಡೋಣ ಕಣೇ. ಕೋಲಾರದಲ್ಲೇ ಮನೆ ಮಾಡ್ತೀನಿ. ದಿನಾ ತೋರಿಸ್ಬಹುದು."

"ಬೇಡ," ಎಂದಳು ಭಾರತಿ.

"ಅತ್ತೆ, ನೀವಾದ್ರೂ ಹೇಳಿ."

"ಅವಳನ್ನೇ ಕೇಳಿ," ಎಂದರು ಶಾಮಲಮ್ಮ. "ನನ್ನ ಮಾತು ಕೇಳಿದ್ದು ಆಯ್ತಲ್ಲ."

ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಭಾರತಿ ಒಪ್ಪಿಗೆ ಕೊಟ್ಟಳು. ಅಶ್ವತ್ಥಪ್ಪ ಹೊರಗೆ ಹೋಗಿ ಕಾಫಿ ತಂದ. ಯಾರೂ ಕುಡಿಯಲಿಲ್ಲ. ಶಾಮಲಮ್ಮ ಬಾಚಣಿಗೆ ತೆಗೆದು, ಜಡೆಗಟ್ಟಿದ ಮಗಳ ಕೂದಲನ್ನು ತುದಿಯಿಂದ ಬಿಡಿಸತೊಡಗಿದರು.