ಗೊಂಬೆ ಸತ್ತ ಮೇಲಿನ ನಗು

ಸಣ್ಣವ್ವ ಎಂಬುದು ಅವಳ ಅಜ್ಜಿಯ ಹೆಸರು. ತೊಟ್ಟಿಲಿಗೆ ಹಾಕಿ ಆ ಹೆಸರು ಕೂಗಿದ ದಿನ, ಕೂಸು ಮುಂದೆ ಹೆಸರಿಗೆ ತಕ್ಕಂತೆಯೇ ಉಳಿದುಬಿಡುತ್ತದೆ ಎಂದು ಸಿದ್ದಾಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಾರಗೆಯ ಹುಡುಗಿಯರು ಸೀರೆ ಉಡುವ ಹೊತ್ತಿಗೂ ಆಕೆಗೆ ಅಂಗನವಾಡಿ ಮಕ್ಕಳ ಅಂಗಿಯೇ ಸರಿಯಾಗುತ್ತಿತ್ತು. ಊರು ಮೊದಲು ಅಯ್ಯೋ ಅಂದಿತು, ಆಮೇಲೆ ನಕ್ಕಿತು, ಕಡೆಗೆ ರೂಢಿ ಮಾಡಿಕೊಂಡಿತು. ಊರಿಗೂ ಬೇರೆ ಕೆಲಸ ಇರುತ್ತದಲ್ಲ.

ತಾಯಿ ಮಾಳವ್ವ ಭತ್ತದ ನಾಟಿಗೆ ಹೋಗುವವಳು. ಉಳಿದವರಿಗೆ ಮೊಣಕಾಲುದ್ದ ಬರುವ ಕೆಸರು ಮಗಳಿಗೆ ನಡುಮಟ ಬರುತ್ತಿದ್ದುದರಿಂದ ಸಣ್ಣವ್ವ ಗದ್ದೆಗೆ ಇಳಿಯಲಿಲ್ಲ. ಬದುವಿನ ಮೇಲೆ ಬುತ್ತಿಗಂಟು ಕಾಯುತ್ತ ಕೂತು, ಗೌಡರ ನಡಿಗೆ, ಕಂಡಕ್ಟರನ ಕೂಗು, ಯಾರದೋ ಅತ್ತೆಯ ಗೊಣಗಾಟ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ನಾಟಿಯವರು ನಕ್ಕು ನಕ್ಕು ಸಾಲು ಸೊಟ್ಟಗೆ ಹಚ್ಚಿದ್ದೂ ಉಂಟು. ಹಾಗೆ ಬಾಯಿಂದ ಬಾಯಿಗೆ ಹೋದ ಸುದ್ದಿ ಗಂಗಾವತಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯವರ ಕಿವಿಗೂ ಬಿತ್ತು. ಅವರು ಕರೆದರು, ಈಕೆ ಹೋದಳು.

ಕಂಪನಿಯಲ್ಲಿ ಹಾಸ್ಯದ ಪಾತ್ರ. ಆಕೆ ಬಂದು ನಿಂತರೆ ಸಾಕು, ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಸಣ್ಣವ್ವಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಮಾತು ಕೇಳಿ ನಕ್ಕರೆ ಅದು ತನ್ನ ದುಡಿಮೆ, ಬರೀ ನೋಡಿ ನಕ್ಕರೆ ತನ್ನದೇನಿದೆ ಅದರಲ್ಲಿ? ಆದರೂ ವರ್ಷಗಟ್ಟಲೆ ಅಲ್ಲಿಯೇ ಇದ್ದಳು. ಸಿಟ್ಟು ಬಂತೆಂದು ಅನ್ನ ಬಿಡುವ ಜಾತಿಯವಳಲ್ಲ ಅವಳು.

ಕಂಪನಿಯಲ್ಲಿ ಆಕೆ ಕಲಿತ ಒಂದು ಶಾಸ್ತ್ರವಿತ್ತು. ರಂಗದ ಮೇಲೆ ಸತ್ತವರು ಪರದೆ ಬಿದ್ದ ಕೂಡಲೇ ಎದ್ದು ಕೂತು ಒಮ್ಮೆ ನಗಬೇಕು. ನಗದಿದ್ದರೆ ಆ ಸಾವು ಮೈಗೆ ಅಂಟಿಕೊಳ್ಳುತ್ತದಂತೆ. ಸಿನಿಮಾದವರಲ್ಲೂ ಇದೇ ನಡೆಯುತ್ತದೆ. ಸತ್ತ ದೃಶ್ಯ ಮುಗಿದ ಮೇಲೆ ಕಾಯಿ ಒಡೆದು, ಹೆಣವಾದವರನ್ನು ಎಬ್ಬಿಸಿ, ಕ್ಯಾಮೆರಾ ನೋಡಿ ನಗಿಸುತ್ತಾರೆ. ಆ ನಗು ಸಿನಿಮಾಕ್ಕೆ ಸೇರುವುದಿಲ್ಲ, ಶಾಂತಿಗಷ್ಟೇ.

ಕುಷ್ಟಗಿಯಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದ ಕಳಕೇಶನಿಗೆ ಸಿನಿಮಾದ ಹುಚ್ಚು ಹಿಡಿದಾಗ ಅವನ ತಲೆಗೆ ಹೊಳೆದದ್ದು ಕೊಲ್ಲುವ ಗೊಂಬೆಯ ಕಥೆ. ಕೆಂಪು ಪರಕಾರ ಉಟ್ಟ ಒಂದು ಗೊಂಬೆ, ಹಾಳುಬಿದ್ದ ವಾಡೆ ಮನೆ, ಒಬ್ಬರಾದ ಮೇಲೊಬ್ಬರ ಸಾವು. ಗೊಂಬೆಯನ್ನು ನಡೆಸುವುದು ಹೇಗೆ? ತಂತ್ರಜ್ಞರನ್ನು ಕರೆಸುವಷ್ಟು ಶಕ್ತಿ ಅವನಿಗಿರಲಿಲ್ಲ. ಸಣ್ಣವ್ವ ಇದ್ದಳು. ರಬ್ಬರಿನ ಮುಖವಾಡ ತೊಡಿಸಿ ಯಲಬುರ್ಗಾದ ಹಳೇ ವಾಡೆಯ ಮೆಟ್ಟಿಲ ಮೇಲೆ ನಡೆಸಿದ. ಆಕೆಯ ಆ ಒರಟು, ತಡೆತಡೆದು ಬರುವ ನಡಿಗೆಗೆ ಲೈಟು ಹಿಡಿದವರೂ ಬೆವೆತರು.

ಕಡೆಯ ದೃಶ್ಯದಲ್ಲಿ ಗೊಂಬೆಯನ್ನು ಗುಂಡಿಯಲ್ಲಿ ಹೂಳುತ್ತಾರೆ. ಅದು ಮುಗಿದಾಗ ಸಣ್ಣವ್ವ ಗುಂಡಿಯಲ್ಲಿ ಮಲಗಿಕೊಂಡೇ ಕೇಳಿದಳು, "ತಮ್ಮಾ, ನನ್ನ ನಗು?"

ಕಳಕೇಶ ಸಾಮಾನು ಕಟ್ಟಿಸುತ್ತಿದ್ದ. "ಅಕ್ಕಾರ, ಸತ್ತದ್ದು ಗೊಂಬಿ ಅಲ್ರಿ! ಗೊಂಬಿಗೆ ಜೀವ ಎಲ್ಲೈತಿ, ಹೋಗಾಕ?"

ಎಲ್ಲರೂ ನಕ್ಕರು. ಸಣ್ಣವ್ವ ತಾನೇ ಮಣ್ಣು ಕೊಡವಿಕೊಂಡು ಮೇಲೆ ಬಂದಳು. ಅದೇ ಸಿನಿಮಾದಲ್ಲಿ ಸತ್ತ ಅಜ್ಜಿಗೆ ಕಾಯಿ ಒಡೆದಿದ್ದರು, ಸತ್ತ ಆಳುಮಗನಿಗೂ ಒಡೆದಿದ್ದರು. ಕಳಕೇಶನ ಮಾತು ಆಕೆಯ ಮನಸ್ಸಿಗೆ ನಾಟಿತು.

ಸಿನಿಮಾ ಓಡಿತು. ಗಂಗಾವತಿಯ ಥಿಯೇಟರಿಗೆ ತಾಯಿಯನ್ನು ಕರೆದುಕೊಂಡು ಹೋದಳು. ಮಾಳವ್ವ ಗೊಂಬೆ ಬಂದಾಗೊಮ್ಮೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಹುಲಿಗೆಮ್ಮನ ಹೆಸರು ಹೇಳಿದಳು. ಹೊರಗೆ ಬಂದ ಮೇಲೆ ಕೇಳಿದಳು, "ಅಲ್ಲಬೇ ಸಣ್ಣಿ, ನೀ ಯಾವಾಗ ಬಂದಿ?"

"ಗೊಂಬಿ ನಾನ ಅಲ್ಲೇನಬೇ ಯವ್ವಾ. ನಾ ಬಂದಾಗೆಲ್ಲ ನೀ ಕಣ್ಣ ಮುಚ್ಚಿದಿ."

"ಮತ್ತ ನಿನ್ನ ಮಾರಿ?"

"ಒಳಗಿತ್ತು."

ಮಾಳವ್ವ ತಲೆಯಾಡಿಸಿದಳು, ನಂಬಲಿಲ್ಲ. ಪರದೆಯ ಮೇಲೆ ಹೆಸರು ಬಂದಿತ್ತು ನಿಜ, ಓದು ಬಾರದ ತಾಯಿಗೆ ಅದೂ ಒಂದು ಗೆರೆ. ಓಣಿಯಲ್ಲಿ ಯಾರಾದರೂ "ನಿನ್ನ ಮಗಳು ಸಿನಿಮಾದಾಗ ಅದಾಳಂತಲ್ಲ" ಎಂದರೆ ಮಾಳವ್ವ "ಅದಾಳಂತ" ಎನ್ನುತ್ತಿದ್ದಳು. ಆ "ಅಂತ" ಸಣ್ಣವ್ವಗೆ ಊಟದಲ್ಲಿ ಸಿಕ್ಕ ಕಲ್ಲಿನಂತಾಯಿತು. ಒಂದೇ ಒಂದು ಸಲ ಅವ್ವ ತನ್ನ ಮುಖವನ್ನು ಆ ದೊಡ್ಡ ಪರದೆಯ ಮೇಲೆ ನೋಡಬೇಕು. ಅಷ್ಟಾದರೆ ಸಾಕಿತ್ತು.

ಎರಡನೇ ಭಾಗಕ್ಕೆ ಕಳಕೇಶ ಕರೆದಾಗ ಆಕೆ ಅದನ್ನೇ ಕೇಳಿದಳು. ಒಂದು ಸಲ ಮುಖವಾಡ ಇಲ್ಲದೆ ತನ್ನನ್ನು ತೋರಿಸಬೇಕು.

"ನಿಮ್ಮ ಮಾರಿ ಕಂಡ್ರ ಮಂದಿ ನಗತಾರ್ರಿ ಅಕ್ಕಾರ. ಹೆದರಿಕಿ ಹೋಗಿಬಿಡತೈತಿ," ಎಂದ. ಆಮೇಲೆ ಅವಳ ಮುಖ ನೋಡಿ, "ನೋಡೂಣು," ಎಂದ.

ನೋಡೂಣು ಅಂದರೆ ಆಗುವುದಿಲ್ಲ ಎಂದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ಸಣ್ಣವ್ವ ಮತ್ತೆ ಕೇಳಲಿಲ್ಲ. ಚಿತ್ರೀಕರಣದ ಉದ್ದಕ್ಕೂ ಟ್ರಂಕಿನಲ್ಲಿ ಮುದುಡಿ ಕೂತಳು, ಬಾವಿಕಟ್ಟೆಯಿಂದ ಇಣುಕಿದಳು, ಕತ್ತಿ ಹಿಡಿದು ಓಡಿದಳು. ಈ ಸಲ ಕಥೆಯಲ್ಲಿ ಗೊಂಬೆಯನ್ನು ಸುಟ್ಟು ಬೂದಿ ಮಾಡುತ್ತಾರೆ, ಮೂರನೇ ಭಾಗವಿಲ್ಲ ಎಂಬ ಮಾತಿತ್ತು. ಬೆಂಕಿಗೆ ಬೇರೆ ಗೊಂಬೆ ಹಾಕಿದರು, ಉರಿಯ ಪಕ್ಕದಲ್ಲಿ ಹೊರಳಾಡಿ ಸಾಯುವ ಕೆಲಸ ಮಾತ್ರ ಇವಳದು. ದೃಶ್ಯ ಮುಗಿಯಿತು. ಸಣ್ಣವ್ವ ಏಳಲಿಲ್ಲ.

"ಅಕ್ಕಾರ, ಆತು ಏಳ್ರಿ," ಎಂದ ಕಳಕೇಶ.

"ಕಾಯಿ ತರಸು. ನಾ ನಕ್ಕ ಮ್ಯಾಲ ಏಳಾಕಿ."

"ಮತ್ತ ಅದ ಮಾತೇನ್ರಿ? ಗೊಂಬಿಗೆ..."

"ಹೋದ ಸಲ ಹೂಳಿದ ಮ್ಯಾಲ ನಾ ಜ್ವರದಾಗ ಬಿದ್ದೆ. ಗೊಂಬಿಗೆ ಬಂದಿತ್ತೇನು ಜ್ವರ?"

ಕ್ಯಾಮೆರಾದ ಜಾವೇದ ಹೋಗಿ ಕಾಯಿ ತಂದು ಒಡೆದ. ಮುಖವಾಡ ಕಳಚಿದರು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಕೆನ್ನೆಯ ಮೇಲೆ ಮಸಿ, ಕಣ್ಣು ಹೊಗೆಗೆ ಕೆಂಡವಾಗಿದ್ದವು. ನಗಿರಿ ಎಂದರೆ ಸಣ್ಣವ್ವಗೆ ನಗುವೇ ಬರಲಿಲ್ಲ. ಕಂಪನಿಯಲ್ಲಿ ಊರೂರನ್ನೇ ನಗಿಸಿದವಳು ಬಾಯಿ ತೆರೆದು ಸುಮ್ಮನೆ ಕೂತಳು.

ಜಾವೇದ ಕ್ಯಾಮೆರಾದ ಹಿಂದಿನಿಂದ ಹೇಳಿದ, "ಅಕ್ಕಾರ, ಈ ಗಾಜಿನ ಹಿಂದ ನಿಮ್ಮವ್ವ ಕುಂತಾಳ ಅನ್ಕೋರಿ."

ಆಗ ನಕ್ಕಳು. ಹಲ್ಲೆಲ್ಲ ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮೈ ಹಗುರಾಯಿತು. ಸಿನಿಮಾಕ್ಕೆ ಸೇರದ ನಗು ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಅವ್ವನಿಗಾಗಿಯೇ ನಕ್ಕಳು.

ಸಿನಿಮಾ ಬಿಡುಗಡೆಯಾಯಿತು. ಮಧ್ಯಾಹ್ನದ ಆಟಕ್ಕೆ ತಾಯಿ ಮಗಳು ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಮಾಳವ್ವ ಬರಲು ಒಪ್ಪಿದ್ದೇ ಬಸ್ಸಿನ ಟಿಕೆಟ್ ಬಿಟ್ಟಿ ಎಂದು, ಮಗಳನ್ನು ನೋಡುವ ಆಸೆಯಿಂದಲ್ಲ. ಸೆರಗು ಮೊದಲಿನಿಂದಲೇ ಕೈಯಲ್ಲಿ ಸಿದ್ಧವಿತ್ತು. ಗೊಂಬೆ ಕೊಂದಿತು, ಜನ ಚೀರಿದರು, ಮಾಳವ್ವ ಕಣ್ಣು ಮುಚ್ಚಿದಳು. ಕಡೆಗೆ ಗೊಂಬೆ ಸುಟ್ಟು ಬೂದಿಯಾಯಿತು. ಪರದೆ ಕಪ್ಪಾಯಿತು. ಕೆಲವರು ಎದ್ದು ಚಪ್ಪಲಿ ಹುಡುಕತೊಡಗಿದರು.

ಆಗ ಆ ಕತ್ತಲಿನಿಂದ ಸಣ್ಣವ್ವನ ಮುಖ ಬಂತು.

ಮುಖವಾಡವಿಲ್ಲ, ಬಣ್ಣವಿಲ್ಲ. ಮಸಿ ಮೆತ್ತಿದ ಕೆನ್ನೆ, ಕೆಂಪು ಕಣ್ಣು, ಪರದೆ ತುಂಬ ಹಲ್ಲು. ಕಳಕೇಶ ಯಾರನ್ನೂ ಕೇಳದೆ ಆ ಶಾಂತಿಯ ನಗುವನ್ನೇ ತಂದು ಕಡೆಗೆ ಅಂಟಿಸಿದ್ದ, ಗೊಂಬೆ ಸತ್ತಿಲ್ಲ ಎನ್ನುವ ಹಾಗೆ. ಇಡೀ ಸಿನಿಮಾದಲ್ಲಿ ಏಳದಷ್ಟು ದೊಡ್ಡ ಚೀರಾಟ ಆಗ ಎದ್ದಿತು. ಚಪ್ಪಲಿ ಹುಡುಕುತ್ತಿದ್ದವರು ಮತ್ತೆ ಕುರ್ಚಿಗೆ ಬಿದ್ದರು. ಎಲ್ಲೋ ಒಂದು ಮಗು ಕಿಟಾರನೆ ಕಿರುಚಿತು.

ಸಣ್ಣವ್ವಗೆ ಎದೆ ಒಡೆದಂತಾಯಿತು. ರಬ್ಬರಿನ ಮುಖಕ್ಕಿಂತ ತನ್ನ ಮುಖಕ್ಕೇ ಜನ ಹೆಚ್ಚು ಹೆದರಿದರಲ್ಲ. ಆದರೆ ಅಳಲು ಹೊತ್ತಿರಲಿಲ್ಲ. ಪಕ್ಕದಲ್ಲಿ ತಾಯಿ ಸೆರಗಿನೊಳಗೆ ಮುಖ ಹುದುಗಿಸಿ ಕೂತಿದ್ದಳು, ನಗು ಮುಗಿಯಲು ಇನ್ನು ಕ್ಷಣ ಸಾಕು. ಸಣ್ಣವ್ವ ಕುರ್ಚಿಯ ಮೇಲೆ ಎದ್ದು ನಿಂತು ಆ ಸೆರಗನ್ನು ಎರಡೂ ಕೈಯಿಂದ ಎಳೆದಳು.

"ಯವ್ವಾ, ಕಣ್ಣ ತಗಿ!"

ಮಾಳವ್ವ ಕಣ್ಣು ತೆರೆದಳು. ಬಾಯಿ ಬಿಟ್ಟು ನೋಡಿದಳು. ಆಮೇಲೆ ಮುಂದಿನ ಕುರ್ಚಿ ಹಿಡಿದು ಎದ್ದು ನಿಂತು, ನಾಟಿಯ ಗದ್ದೆಯಲ್ಲಿ ಆಚೆ ಬದುವಿನವರನ್ನು ಕೂಗುವ ದನಿಯಲ್ಲಿ ಕೂಗಿದಳು, "ಯಾಕ ಚೀರತೀರೋ? ನಮ್ಮ ಸಣ್ಣಿ ಅಕಿ! ನಗಾಕತ್ಯಾಳ, ಕಾಣವಲ್ದೇನು ನಿಮಗ?"

ಲೈಟು ಹತ್ತಿದವು. ತಿರುಗಿ ನೋಡಿದವರಿಗೆ ಕುರ್ಚಿಯ ಮೇಲೆ ನಿಂತ ಸಣ್ಣವ್ವ ಕಂಡಳು. ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಕಳಕೇಶ, ಒಳ್ಳೇ ಹೆದರಿಕೆಯೆಲ್ಲ ಈ ಮುದುಕಿಯಿಂದ ಹಾಳಾಯಿತೆಂದು ಹಣೆ ಬಡಿದುಕೊಂಡ.

ಜನ ಹೋದರು. ಮಾಳವ್ವ ಏಳಲಿಲ್ಲ.

"ನಡಿಬೇ ಯವ್ವಾ, ಬಸ್ ಹೋಗತೈತಿ."

"ಮತ್ತ ಹಾಕತಾರೇನು ಇದನ್ನ?"

"ಹಾಕತಾರ, ಮುಂದಿನ ಆಟದಾಗ. ಮೊದಲಿಂದ ಬರತೈತಿ, ಆ ಗೊಂಬಿ, ಆ ಕೊಲಿ, ಎಲ್ಲಾ ಬರತೈತಿ. ನೀ ಹೆದರತಿ."

"ಬರಲಿ," ಎಂದಳು ಮಾಳವ್ವ. ಸೆರಗನ್ನು ತಲೆಯ ಮೇಲಿನಿಂದ ಎಳೆದುಕೊಂಡು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದಳು. "ಅಲ್ಲೀತನಾ ನಾ ಹಿಂಗ ಕುಂದರತೀನಿ. ನೀ ನಗಾಕ ಬಂದಾಗ ಹೇಳು."